ಉದುರಿದ ಎರಡಕ್ಷರ

ವಠಾರದ ಮಾಲೀಕರಿಗೆ ಕೆಳಮನೆ ದರ್ಜಿಯ ನಮಸ್ಕಾರ.

ಈ ಪತ್ರಕ್ಕೆ ಕಾರಣವಾದ ಮಾತು ಹೇಳಿದವರು ನಿಮ್ಮ ತಾಯಿಯವರೇ, ಮೊನ್ನೆ ಶನಿವಾರ ಸಂಜೆ. ಹಿತ್ತಿಲಲ್ಲಿ ನೀವು ಹಾಕಿಸಿದ್ದ ‘ಇಲ್ಲಿ ಆಡಬಾರದು’ ಎಂಬ ಫಲಕದ ಕೊನೆಯ ಎರಡಕ್ಷರ ಉದುರಿವೆಯಲ್ಲ? ಮೆಟ್ಟಿಲ ಮೇಲೆ ಚಿಪ್ಸ್ ಮೆಲ್ಲುತ್ತಾ ಮೊಬೈಲಿನಲ್ಲಿ ಮುಳುಗಿದ್ದ ಮಕ್ಕಳಿಗೆ ಅವರು ಕನ್ನಡಕ ಹಾಕಿಕೊಂಡೇ ಓದಿ ಹೇಳಿದರು: “ನೋಡ್ರೋ ಸೋಮಾರಿಗಳಾ, ನನ್ನ ಮಗ ‘ಇಲ್ಲಿ ಆಡ ಬಾ’ ಅಂತ ಬರೆಸಿದಾನೆ. ಚಿಕ್ಕೋನಿದ್ದಾಗ ಅವನನ್ನ ಆಟದಿಂದ ಊಟಕ್ಕೆ ಎಳ್ಕೊಂಡೇ ಬರ್ಬೇಕಿತ್ತು!”

ನಾಳೆ ಪೇಂಟರ್ ಬರುತ್ತಾನಂತೆ. ಗೋಡೆಗೆಲ್ಲ ಬಣ್ಣ ಹೊಡೆಯಲಿ, ಆ ಎರಡಕ್ಷರ ಮಾತ್ರ ಬರೆಯದಿರಲಿ. ಇದು ಎಲ್ಲ ಮನೆಯವರ ಕೋರಿಕೆ. ಗಂಟಲು ಹರಿಯುವಂತೆ ಕೂಗಿದರೂ ಅಲುಗಾಡದ ನಮ್ಮ ಮಕ್ಕಳು ಭಾನುವಾರ ಬೆಳಿಗ್ಗೆಯೇ ಮೊಬೈಲುಗಳನ್ನು ನನ್ನ ಹೊಲಿಗೆ ಮೇಜಿನ ಮೇಲೆ ಗುಡ್ಡೆ ಹಾಕಿ ಹಿತ್ತಿಲಿಗೆ ಓಡಿದರು. ಅಂಪೈರು ನಿಮ್ಮ ತಾಯಿಯವರು.

ಇಂತಿ,
ಕೆಳಮನೆ ದರ್ಜಿ