ಐದು ಸಾವಿರ ಸುತ್ತು

ಚಿಕ್ಕಬಾಣಾವರ
೯ ನವೆಂಬರ್ ೨೦೨೫, ಭಾನುವಾರ

ದಿವ್ಯಾಳ ಅಪ್ಪನಿಗೆ,

ಅಂಜಿನಮ್ಮ ಬರೆಯುತ್ತಿದ್ದೇನೆ. ನಾನೂ ದಿವ್ಯಾಳೂ ಚೆನ್ನಾಗಿದ್ದೇವೆ, ಗಾಬರಿಯಾಗಬೇಡಿ. ನಿಮ್ಮ ತುಮಕೂರಿನ ವಿಳಾಸವನ್ನು ಗುಲಾಮ್ ರಸೂಲ್ ಸಾಹೇಬರು ಕೊಟ್ಟರು. ಫೋನ್ ನಂಬರೂ ಕೊಟ್ಟಿದ್ದರು. ಎರಡು ಸಲ ಒತ್ತಿ, ರಿಂಗಾಗುವ ಮೊದಲೇ ನಿಲ್ಲಿಸಿಬಿಟ್ಟೆ. ಹದಿನೈದು ವರ್ಷ ಮಾತಿಲ್ಲದೆ ಇದ್ದವಳಿಗೆ ಬರೆಯುವುದೇ ಸುಲಭ.

ನಾನೀಗ ಯಶವಂತಪುರದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿಲ್ಲ. ಮೂರು ವರ್ಷದಿಂದ ಇಲ್ಲೇ ರೈಲ್ವೆ ಸ್ಟೇಷನ್ ಹಿಂದಿನ ಶೆಡ್ಡೊಂದರಲ್ಲಿ ಗಿಟಾರ್ ಮಾಡುವ ಕೆಲಸ. ನಗಬೇಡಿ. ನಿಮ್ಮದಿತ್ತಲ್ಲ, ಪಿಟೀಲಿನ ಹಾಗೆ ಮೈಮೇಲೆ ಎರಡು ಸೀಳು, ಒಳಗೆಲ್ಲ ಟೊಳ್ಳು, ಆದರೂ ಕರೆಂಟಿನಲ್ಲಿ ನುಡಿಯುವಂಥದ್ದು, ಆ ಹಳೇ ಮಾದರಿಯವು. ತಂತಿಗಳ ಕೆಳಗೆ ಕೂತು ದನಿ ಹಿಡಿಯುವ ಸುರುಳಿಯನ್ನು ನೀವು ಪಿಕಪ್ ಅನ್ನುತ್ತಿದ್ದಿರಿ. ಅದನ್ನು ಸುತ್ತುವವಳು ನಾನು. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ, ಒಂದೊಂದಕ್ಕೆ ಐದು ಸಾವಿರ ಸುತ್ತು.

ಶೆಡ್ಡಿನ ಯಜಮಾನಿ ಮೋನಿಷಾ ನಮ್ಮ ದಿವ್ಯಾಳಿಗಿಂತ ಏಳೆಂಟು ವರ್ಷ ದೊಡ್ಡವಳು, ಅಷ್ಟೆ. ಮೊದಲ ವರ್ಷ ನಾವು ಮಾಡಿದವು ನೋಡಲು ಥೇಟ್ ಹಳೆಯವೇ, ಕೇಳಿದರೆ ಹಲಗೆ ಬಡಿದಂತೆ. ಸ್ವಲ್ಪ ಜೋರು ಮಾಡಿದರೆ ಊಳಿಡುತ್ತಿದ್ದವು. ಪರೀಕ್ಷೆಗೆಂದು ಆರ್.ಟಿ. ನಗರದಿಂದ ರಸೂಲ್ ಸಾಹೇಬರನ್ನು ಕರೆಸುತ್ತಿದ್ದಳು. ನಿಮ್ಮಂತೆಯೇ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರು. ತಮ್ಮ ಅರವತ್ತು ವರ್ಷದ ಗಿಟಾರನ್ನು ಜೊತೆಗೇ ತರುತ್ತಿದ್ದರು. ನಮ್ಮದನ್ನು ಎರಡು ನಿಮಿಷ ನುಡಿಸಿ, "ಡಬ್ಬ ಕಣಮ್ಮ ಇದು" ಎಂದು ಕೆಳಗಿಟ್ಟು ತಮ್ಮದನ್ನು ಎತ್ತಿಕೊಳ್ಳುತ್ತಿದ್ದರು.

ಮೋನಿಷಾ ಬಿಡಲಿಲ್ಲ. ಅವರ ಗಿಟಾರಿನೊಳಗೆ ಪುಟ್ಟ ಬಲ್ಬು, ಕನ್ನಡಿ ಇಳಿಸಿ ಎರಡು ದಿನ ನೋಡಿದಳು. ಮೇಲಿನ ಹಲಗೆಯನ್ನೂ ಒಳಗಿನ ಆಧಾರದ ಪಟ್ಟಿಗಳನ್ನೂ ತೆಳ್ಳಗೆ ಮಾಡಿಸಿದಳು. ಮರ ಇನ್ನಷ್ಟು ತಿಂಗಳು ಒಣಗಿತು. ಯಂತ್ರ ಪಕ್ಕಕ್ಕಿಟ್ಟು ಕೈಯಿಂದಲೇ ಸುತ್ತಿ ನೋಡಿ ಆಂಟಿ ಎಂದಳು. ಸುತ್ತಿದ್ದನ್ನು ಕರಗಿದ ಮೇಣದಲ್ಲಿ ಅದ್ದತೊಡಗಿದ ಮೇಲೆ ಊಳು ಕಡಿಮೆಯಾಯಿತು. ಸಾಹೇಬರ ಎರಡು ನಿಮಿಷ ಹತ್ತಾಯಿತು.

ಹೋದ ಮಂಗಳವಾರ ಬೆಳಿಗ್ಗೆ ಬಂದವರು ಹೊಸದೊಂದನ್ನು ಮಡಿಲಿಗಿಟ್ಟುಕೊಂಡು ಶುರು ಮಾಡಿದರು. ಮೊದಲು ಒಂದೊಂದೇ ಸ್ವರ. ಆಮೇಲೆ ಕಣ್ಣು ಮುಚ್ಚಿದರು. ಬಡಗಿಗಳು ಉಳಿ ಕೆಳಗಿಟ್ಟರು. ಹೊರಗೆ ರೈಲು ಬಂದು ಹೋದದ್ದು ನನಗೆ ತಿಳಿಯಲೇ ಇಲ್ಲ. ಸಂಗೀತ ಗೊತ್ತಿಲ್ಲದವಳು ನಾನು, ನಿಮಗೇ ಗೊತ್ತಲ್ಲ. ಆದರೂ ಮೈ ಜುಮ್ಮೆಂದಿತು. ನಾನು ಸುತ್ತಿದ್ದು ಬರೀ ತಾಮ್ರ. ಇಂಥ ದನಿ ಅದರೊಳಗೆ ಎಲ್ಲಿತ್ತು ಎಂದು ನನ್ನ ಕೈಗಳನ್ನೇ ನೋಡಿಕೊಂಡೆ. ನಲವತ್ತು ನಿಮಿಷ ನುಡಿಸಿದರು. ತಮ್ಮ ಗಿಟಾರಿನ ಪೆಟ್ಟಿಗೆ ತೆರೆಯಲೇ ಇಲ್ಲ.

"ಅರವತ್ ವರ್ಷ ನುಡಿಸಿದ್ಮೇಲೆ ಬರೋ ದನಿ ಇದು. ನಿಮ್ಗೆ ಇವತ್ತೇ ಹೆಂಗ್ ಬಂತು?" ಎಂದರು. ಸುರುಳಿ ಯಾರು ಸುತ್ತಿದ್ದೆಂದು ಕೇಳಿ, ಎದ್ದುನಿಂತು ನನಗೆ ಕೈಮುಗಿದರು. ಊರು, ಯಜಮಾನರ ಹೆಸರು ವಿಚಾರಿಸಿದರು. ಹೇಳಿದೆ.

"ಭೀಮರಾಜ್ ಹೆಂಡ್ತಿನಾ ನೀವು? ಅವ್ನು ನುಡಿಸೋದೇ ಬಿಟ್ಬಿಟ್ಟ. ಮುನಿಯಣ್ಣ ನನ್ ಗಿಟಾರ್ ಕೆಡಿಸ್ದ ಅಂತ ಇವತ್ಗೂ ಅಂತಾನೆ."

ಕೆಡಿಸಿದ್ದು ಮುನಿಯಣ್ಣನವರಲ್ಲ. ನಾನು.

ಕೊಡಿಗೇಹಳ್ಳಿಯ ರಾಜ್ಯೋತ್ಸವದ ದಿನ. ಗಿಟಾರ್ ಕರಕರ ಅನ್ನುತ್ತಿದೆ ಎಂದು ನೀವು ವಾರದಿಂದ ಗೊಣಗುತ್ತಿದ್ದಿರಿ. ಬೋರ್‌ವೆಲ್ ಮೋಟಾರ್ ಸುತ್ತುವವಳಿಗೆ ಇದೆಷ್ಟರದು ಅಂದುಕೊಂಡು, ನೀವು ಇಸ್ತ್ರಿ ಬಟ್ಟೆ ತರಲು ಹೋದಾಗ ಬಿಚ್ಚಿದೆ. ಪಿಕಪ್ಪಿನೊಳಗಿನ ತಾಮ್ರದ ತಂತಿ ತುಂಡಾಯಿತು. ಬೆಸುಗೆ ಹಾಕಿ ಮುಚ್ಚಿದೆ. ನೀವು ಬಂದು ನುಡಿಸಿ, ಕರಕರ ತಾನಾಗೇ ಹೋಯ್ತಲ್ಲ ಎಂದು ಖುಷಿಪಟ್ಟಿರಿ. ನನಗೆಷ್ಟು ಹೆಮ್ಮೆಯಾಯಿತೆಂದರೆ, ಸಂಜೆ ಮನೆಗೆ ಬಂದ ಮೇಲೆ ಹೇಳೋಣ ಅಂತಿದ್ದೆ. ಎರಡನೇ ಹಾಡಿಗೇ ಅದು ವೇದಿಕೆಯ ಮೇಲೆ ಸತ್ತುಹೋಯಿತು. ಮೈಕ್ ಸೆಟ್ಟು, ವೈರುಗಳೆಲ್ಲ ಮುನಿಯಣ್ಣನವರ ಜವಾಬ್ದಾರಿ. ನೀವು ಎಲ್ಲರೆದುರು ಅವರ ಕೊರಳಪಟ್ಟಿ ಹಿಡಿದಿರಿ. ನಾನು ಮೊದಲನೇ ಸಾಲಿನಲ್ಲಿ ದಿವ್ಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತಿದ್ದೆ. ತಿಂಗಳೊಳಗೆ ತಂಡ ಒಡೆಯಿತು. ಆಮೇಲೆ ನೀವು ಮನೆಯಲ್ಲೂ ನಿಲ್ಲಲಿಲ್ಲ. ಹೇಳಿದರೆ ಬಿಟ್ಟುಹೋಗುತ್ತೀರೆಂದು ಹೇಳಲಿಲ್ಲ. ಹೇಳದೆಯೂ ಹೋದಿರಿ.

ಮನೆಗೆ ಬನ್ನಿ ಎಂದು ಕೇಳುತ್ತಿಲ್ಲ. ಸಾಹೇಬರು ಮಂಗಳವಾರ ನುಡಿಸಿದ ಆ ಹೊಸ ಗಿಟಾರನ್ನು ಯಾರಿಗೂ ಕೊಡಬೇಡ ಎಂದು ಮೋನಿಷಾಗೆ ಹೇಳಿದ್ದೇನೆ. ಒಂದು ಸಲ ಶೆಡ್ಡಿಗೆ ಬಂದು ಅದನ್ನು ಕೈಗೆತ್ತಿಕೊಳ್ಳಿ. ಬೈಯಬೇಕೆನಿಸಿದರೆ ನುಡಿಸಿದ ಮೇಲೆ ಬೈಯಿರಿ.

ಅಂಜಿನಮ್ಮ

ಲಕೋಟೆ ಅಂಟಿಸುವ ಮೊದಲು ಇದನ್ನೂ ಸೇರಿಸುತ್ತಿದ್ದೇನೆ. ನಿನ್ನೆ ಮುನಿಯಣ್ಣನವರ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರಿಗೆ ಆ ದಿನವೇ ಗೊತ್ತಾಗಿತ್ತಂತೆ. ಕಾರ್ಯಕ್ರಮ ಮುಗಿದ ಮೇಲೆ ಗಿಟಾರ್ ಬಿಚ್ಚಿ ನೋಡಿದರೆ, ಬೆಸುಗೆಯ ಮೇಲೆ ಮೋಟಾರಿಗೆ ಹಚ್ಚುವ ಕೆಂಪು ವಾರ್ನಿಷ್. ಅದು ಯಾರ ಕೈಕೆಲಸ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮತ್ತೇಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ಚಿಕ್ ಮಗು ಇತ್ತಲ್ಲಮ್ಮ ನಿನ್ ತೊಡೆ ಮೇಲೆ" ಎಂದರು. ಕಾಫಿ ಕೊಟ್ಟು, ನಿಮ್ಮ ವಿಳಾಸ ಬರೆದುಕೊಂಡರು. ಈ ಕಾಗದ ತಲುಪುವ ಮೊದಲೇ ಅವರು ಬಂದರೂ ಬರಬಹುದು. ಬಾಗಿಲು ತೆರೆಯಿರಿ.