ಅಲುಗಾಡದ ಕೈ

ಮಾರ್ಚ್ 4

ಮತ್ತೆ ಅದೇ ಮೂರನೇ ಮಹಡಿ, ಮೆಟ್ಟಿಲ ಕಿಟಕಿ. ಎದುರು ಮನೆಯವನು ಇನ್ನೂ ಹೊರಗೆ ಬಂದಿಲ್ಲ. ಗೋಡೌನ್‌ನಲ್ಲಿ ಮೂಟೆ ಹೊರುವಾಗ ಬಿದ್ದು ಬೆನ್ನು ಹೋಯ್ತಂತೆ, ಏನೂ ಎತ್ತೋಕಾಗಲ್ವಂತೆ. ವಿಮಾ ಕಂಪನಿ ನಂಬಲ್ಲ. ನಾನೂ ನಂಬಲ್ಲ — ನಂಬೋಕೆ ಸಂಬಳ ಕೊಡಲ್ಲ. ಅವನು ಭಾರ ಎತ್ತಿರೋ ಒಂದು ಫೋಟೊ ಸಾಕು, ಕೇಸು ಖಲಾಸ್. ಕೋಲೂರಿ ಡೊಂಕಾಗಿ ನಡೀತಾನಲ್ಲ, ಡೊಂಕಣ್ಣ ಅಂತ ಹೆಸರಿಟ್ಟಿದೀನಿ.

ನಿನ್ನೆ ಬಕೆಟ್ ಹತ್ರ ಬಗ್ಗಿದ. ಎತ್ತಿದನೋ ಬರೀ ಮುಟ್ಟಿದನೋ, ಫೋಟೊ ನೋಡಿದ್ರೆ ಗೊತ್ತೇ ಆಗಲ್ಲ. ಎಲ್ಲಾ ಮಸುಕು. ಇಷ್ಟುದ್ದ ಜೂಮ್ ಲೆನ್ಸು, ಸ್ಟ್ಯಾಂಡ್ ಹಾಕೋ ಹಾಗಿಲ್ಲ, ಮೆಟ್ಟಿಲು ಹತ್ತೋರು ಕೇಳ್ತಾರೆ. ಪತ್ತೇದಾರಿ ಆಫೀಸಲ್ಲಿ ಬಾಸ್ ಎಲ್ಲರ ಮುಂದೆ ಅಂದ: "ಇದೇನಯ್ಯಾ, ಮನುಷ್ಯನೋ ದೆವ್ವಾನೋ? ನಿನ್ನ ಕೈಗೇನು ಚಳಿಜ್ವರಾನಾ? ಇನ್ನೊಂದ್ಸಲ ಹಿಂಗೆ ತಂದ್ರೆ ಕ್ಯಾಮೆರಾ ಇಟ್ಟು ಮನೇಗೆ ಹೋಗು."

ಮೈಯೆಲ್ಲಾ ಉರಿದುಹೋಯ್ತು. ನನ್ನ ಕೈಗಾ?

ಮಾರ್ಚ್ 8, ಭಾನುವಾರ

ಟೆರೇಸಲ್ಲಿ ಪ್ರಾಕ್ಟೀಸು. ಟ್ಯಾಂಕಿನ ಮೇಲೆ ಕೂತ ಕಾಗೆ. ಎಡಗೈ ಲೆನ್ಸ್ ಕೆಳಗೆ, ಮೊಣಕೈ ಎರಡೂ ಪಕ್ಕೆಗೆ ಒತ್ತಿ, ಭುಜ ಗೋಡೆಗೆ. ಶಟರ್ ಸ್ಪೀಡ್ ಜಾಸ್ತಿ... ಜೂಮ್ ಎಷ್ಟು ಎಳೀತೀವೋ ಅದಕ್ಕಿಂತ ಮೇಲೇ ಇರ್ಬೇಕು. ಕತ್ತಲಾದ್ರೆ ಬೆಳಕು ಹಿಡಿಯೋ ಐಎಸ್‌ಒ ಏರಿಸು, ಚಿತ್ರ ಕಾಳು ಕಾಳು ಬಂದ್ರೂ ಬರಲಿ. ಉಸಿರು ಅರ್ಧ ಬಿಟ್ಟು ತಡೆ. ಗುಂಡಿ ಒತ್ತಬಾರದು, ಮೆತ್ತಗೆ ಅದುಮಬೇಕು. ಒಂದಲ್ಲ, ಸಾಲಾಗಿ. ಮೊದಲನೇದು ಹಾಳು, ನಡುವಿನದು ಬಂಗಾರ.

ಹೆಂಡತಿ ಬಟ್ಟೆ ಒಣಗಿಸ್ತಾ, "ನನ್ನ ಒಂದು ಫೋಟೊ ತೆಗೆಯೋಕೆ ಪುರುಸೊತ್ತಿಲ್ಲ, ಕಾಗೆ ಮೇಲೆ ಎಷ್ಟು ಪ್ರೀತಿ ನೋಡು!" ಅಂದಳು.

"ಕಾಗೆ ಮಾತಾಡಲ್ಲ ಕಣೇ" ಅಂದೆ.

ಕಾಗೆಯ ಗರಿ ಒಂದೊಂದೂ ಎಣಿಸಬಹುದು.

ಮಾರ್ಚ್ 12

ಸಿಕ್ಕಿಬಿದ್ದ ಡೊಂಕಣ್ಣ!

ಅವನ ಮಗಳು, ಪುಟ್ಟದು, ಚೆಂಡಿನ ಹಿಂದೆ ರಸ್ತೆಗೆ ಓಡ್ತು. ವ್ಯಾನ್ ಬರ್ತಿತ್ತು. ಕೋಲು ಬಿಸಾಕಿ ಹಾರಿದ. ಬಾಚಿ ಎತ್ಕೊಂಡ — ಎದೆ ಮಟ್ಟಕ್ಕೆ, ಎರಡೂ ಕೈಯಲ್ಲಿ. ಉಸಿರು ತಡೆದೆ. ಫೋಟೊ ಸಾಲಾಗಿ ಬಿತ್ತು. ಅಂಗಿ ಗುಂಡಿಯ ದಾರ ಕೂಡ ಕಾಣುತ್ತೆ. ಮಗು ಉಳೀತಲ್ಲ ಅಂತ ನಗ್ತಿದಾನೆ. ನಗು! ಇದಕ್ಕಿಂತ ಇನ್ನೇನು ಬೇಕು?

ಮಗೂನ ಇಳಿಸಿದ ಮೇಲೆ ಕಂಬದ ಹತ್ರ ಕುಸಿದ. ಕಾಲು ಏಳಲಿಲ್ಲ. ಬೀದೀಲಿ ಯಾರೂ ಇರಲಿಲ್ಲ, ವ್ಯಾನಿನವನೂ ನಿಲ್ಲಿಸಲಿಲ್ಲ. ಕಿಟಕಿ ಕಡೆ ನೋಡಿ ಕೈ ಚಾಚಿ ಏನೋ ಕೂಗಿದ. ಅದನ್ನೂ ತೆಗೆದೆ. ಇಳಿದು ಹೋಗಬಹುದಿತ್ತು. ಆದ್ರೆ ಮೊಣಕೈ ಅಷ್ಟು ಚೆನ್ನಾಗಿ ಕೂತಿತ್ತು... ಅಲುಗಾಡಿದ್ರೆ ಹೋಗ್ತಿತ್ತು.

ಮಾರ್ಚ್ 13

ಬಾಸ್ ಬೆನ್ನು ತಟ್ಟಿದ. "ಇದಪ್ಪಾ ಕೈ ಅಂದ್ರೆ!" ಎತ್ತಿರೋದೊಂದೇ ಇಟ್ಕೊಂಡ. "ಬಿದ್ದಿರೋದು ನಮಗ್ಯಾಕೆ? ಅಳಿಸಿಹಾಕು."

ಹೂಂ ಅಂದೆ. ಅಳಿಸಲಿಲ್ಲ.

ಏಪ್ರಿಲ್ 29, ಮಧ್ಯಾಹ್ನ

ವಿಮಾ ಪರಿಹಾರದ ವಿಚಾರಣೆ ಮುಗೀತು. ಫೋಟೊ ದೊಡ್ಡದು ಮಾಡಿ ಗೋಡೆಗೆ ಹಾಕಿದ್ರು. ಡೊಂಕಣ್ಣ ಗಾಲಿ ಕುರ್ಚೀಲಿ ಬಂದಿದ್ದ. ಅವತ್ತು ಬಿದ್ದವನು ಆಮೇಲೆ ಎದ್ದೇ ಇಲ್ವಂತೆ. ನಾಟಕ ಅಂದ ಕಂಪನಿ ವಕೀಲ.

ಡೊಂಕಣ್ಣ ನನ್ನನ್ನೇ ನೋಡಿ ಕೇಳಿದ: "ಸಾರ್, ಕಿಟಕೀಲಿ ಇದ್ದವರು ನೀವೇನಾ? ನಾನು ಬಿದ್ದಿದ್ದನ್ನ ನೋಡಿದ್ರಿ. ಆ ಫೋಟೊ ಒಂದು ತೋರಿಸಿಬಿಡಿ. ನಿಮಗೆ ಕೈ ಮುಗೀತೀನಿ."

ವಿಚಾರಣೆ ನಡೆಸ್ತಿದ್ದ ಅಧಿಕಾರಿ ಕನ್ನಡಕ ಏರಿಸಿದರು. "ಇದಾದ ಮೇಲಿನದು ಇದೆಯೇನ್ರೀ?"

ಬಾಸ್ ನನ್ನ ಕಾಲು ತುಳಿದ.

"ಮಸುಕಾಗಿತ್ತು ಸಾರ್. ಏನೂ ಗೊತ್ತಾಗ್ತಿರಲಿಲ್ಲ, ಅಳಿಸಿದೆ. ಕೈಯಲ್ಲಿ ಹಿಡಿದು ತೆಗೆದಿದ್ದಲ್ವಾ... ಕೈ ನಡುಗಿಬಿಡ್ತು."

ಅರ್ಜಿ ವಜಾ. ಅವನ ಹೆಂಡತಿ ಗಾಲಿ ಕುರ್ಚಿ ತಳ್ಳಿಕೊಂಡು ಹೋದಳು. ಮಗು ಹಿಂದೆ ಹಿಂದೆ. ನನಗೆ ಹೊಟ್ಟೆ ಉರಿದಿದ್ದು ಒಂದಕ್ಕೇ: ಅಷ್ಟು ಜನರ ಮುಂದೆ ನನ್ನ ಕೈ ನಡುಗುತ್ತೆ ಅಂತ ನಾನೇ ಹೇಳಬೇಕಾಯ್ತಲ್ಲ!

ಸಂಜೆ

ಬಾಸ್ ಫೋನ್ ಮೇಲೆ ಫೋನು, ಅಳಿಸಿದ್ಯಾ, ಅಳಿಸಿದ್ಯಾ. ಅವನು ಬಿದ್ದಿರೋ ಫೋಟೊ ಕಂಪ್ಯೂಟರಲ್ಲಿ ತೆರೆದಿದೀನಿ. ಅಭ್ಯಾಸಬಲ — ದೊಡ್ಡದು ಮಾಡಿ ಕಣ್ಣಿನ ಫೋಕಸ್ ನೋಡಿದೆ. ರೆಪ್ಪೆ ಕೂದಲು ಬಿಡಿಬಿಡಿ. ಕಣ್ಣಂಚಲ್ಲಿ ನೀರು, ಅದೂ ಶಾರ್ಪ್. ನೇರ ನನ್ನ ಕಡೆಗೇ ನೋಡ್ತಿದಾನೆ. ಬಾಯಿ ತೆರೆದಿದೆ. ಏನಂತಿದಾನೆ ಅಂತ ತುಟಿ ನೋಡಿದ್ರೆ ಗೊತ್ತಾಗುತ್ತೆ: "ಅಣ್ಣಾ".

ಜನ್ಮದಲ್ಲಿ ಇಂಥದ್ದು ತೆಗೆದಿಲ್ಲ. ಒಂದಾದ್ರೂ ಇಟ್ಕೋತೀನಿ, ಯಾರಿಗೂ ತೋರಿಸಲ್ಲ, ಸುಮ್ನೆ ನನಗೆ —

ಹೆಂಡತಿ ಬಂದು ಹಿಂದೆ ನಿಂತಿದಾಳೆ. "ಅಯ್ಯೋ, ಯಾರ್ರೀ ಇದು? ಆಮೇಲೆ ಇಳಿದು ಹೋಗಿ ಅವನನ್ನ ಎತ್ತಿದ್ರಿ ತಾನೇ?" ಅಂತ ಕೇಳ್ತಿ—