ಬಲಗಾಲಿನ ಹೆಬ್ಬೆರಳಿಗೆ ಮರಿಮಗಳ ಓಲೆ

ಕ್ರಿ.ಶ. ೨೧೧೮, ಫೆಬ್ರುವರಿ ೩೦

ಘನ ಅಧ್ಯಕ್ಷರೇ, ವೇದಿಕೆಯ ಕುರ್ಚಿಗಳನ್ನು ಅಲಂಕರಿಸಿರುವ ಗಣ್ಯರೇ, ಕುರ್ಚಿ ಸಿಗದೆ ಗೋಡೆಯನ್ನು ಅಲಂಕರಿಸಿರುವ ಚಾಲಕ ನಿರ್ವಾಹಕ ಬಾಂಧವರೇ, ಕರಿ ಬೂಟಿನೊಳಗೆ ಅಡಗಿ ಕುಳಿತು ಈ ಮಾತು ಕೇಳಿಸಿಕೊಳ್ಳುತ್ತಿರುವ ಸಮಸ್ತ ಹೆಬ್ಬೆರಳುಗಳೇ,

ಮೊದಲಿಗೆ ತಾರೀಖಿನ ಬಗ್ಗೆ ಕ್ಷಮೆ ಇರಲಿ. ನಿಮ್ಮ ಕಾಲದ ಫೆಬ್ರುವರಿಗೆ ಮೂವತ್ತನೇ ದಿನ ಇರಲಿಲ್ಲವೆಂದು ಬಲ್ಲೆ. ಬಸ್ಸು ಓಡಿಸುವವರಿಗೆ ಒಂದು ಹಬ್ಬದ ರಜೆ ಕೊಡಬೇಕೆಂದು ಚರ್ಚೆಯಾದಾಗ ಇದ್ದ ದಿನಗಳಲ್ಲಿ ಯಾವುದನ್ನೂ ಬಿಟ್ಟುಕೊಡಲು ಯಾರೂ ಒಪ್ಪಲಿಲ್ಲ. ಕೊನೆಗೆ ಹೊಸ ದಿನವನ್ನೇ ಹುಟ್ಟಿಸಿ ಕೈಗಿತ್ತರು. ಭಾಷೆಯ ಬಗ್ಗೆಯೂ ಕ್ಷಮೆ ಇರಲಿ. ನಮ್ಮ ಕನ್ನಡದಲ್ಲಿ ನಿಮಗೆ ತಿಳಿಯದ ಕೆಲವು ಪದಗಳಿವೆ, ಬಂದಲ್ಲಿ ಅರ್ಥ ಹೇಳುತ್ತೇನೆ. ಪ್ರಾಸದ ಹುಚ್ಚಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ನನಗೆ ಮುತ್ತಜ್ಜನಿಂದ ಬಂದದ್ದು. ಮುತ್ತಜ್ಜನಿಂದ ಬಂದದ್ದು ಇನ್ನೂ ಒಂದಿದೆ. ಈ ಪತ್ರ ಅದರ ಸಲುವಾಗಿ.

ನನ್ನ ಮುತ್ತಜ್ಜ ನಿಮಗೆ ಗೊತ್ತಿರುವವನೇ. ನಿಮ್ಮ ಡಿಪೊದ ಚಾಲಕ ಯಮನೂರಪ್ಪ. ಗಂಗಾವತಿಯಿಂದ ಕಾರಟಗಿ, ಸಿಂಧನೂರು ಮೇಲೆ ರಾಯಚೂರಿಗೆ ಬೆಳಗಿನ ಗಾಡಿ ತೆಗೆಯುವವನು, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಸ್ಟೇರಿಂಗ್ ಹಿಡಿದವನು. ನಿಮ್ಮ ಗಾಡಿಗಳ ಹಿಂದೆ ‘ಅವಸರ ಬೇಡ ಸಾಹೇಬ, ಮನೆಯಲ್ಲಿ ಕಾಯುತ್ತಿದೆ ಕಬಾಬ’ ಎಂದು ಬರೆಸಿ ಮೇಲಿನವರಿಂದ ನೋಟೀಸು ಪಡೆದವನೂ ಅವನೇ. ಸುರಕ್ಷತಾ ಸಪ್ತಾಹದಲ್ಲಿ ಪ್ರತಿ ವರ್ಷ ಪ್ರಾಸದ ಪದ್ಯ ಓದಿ ನಿಮ್ಮನ್ನು ನಗಿಸುತ್ತಿದ್ದ. ಈ ಸಲ ನನ್ನ ಪತ್ರ ಓದುತ್ತಿದ್ದಾನೆ. ಪತ್ರ ಮುಗಿದ ಮೇಲೆ ಅಪಘಾತವಿಲ್ಲದ ಸೇವೆಗೆ ಬೆಳ್ಳಿ ಪದಕ ತೆಗೆದುಕೊಳ್ಳಬೇಕು. ಹಾಗಾಗಿ ಓದುವಾಗ ಅಲ್ಲಲ್ಲಿ ತಡವರಿಸಿದರೆ ಅದು ಸಂತೋಷಕ್ಕೆಂದು ನೀವು ತಿಳಿದಿರಬಹುದು.

ನಮ್ಮ ಕಾಲದಲ್ಲಿ ಬಸ್ಸು ಇದೆ, ಚಾಲಕರೂ ಇದ್ದೇವೆ. ನಡುವೆ ಕೆಲವು ವರ್ಷ ತಾನೋಡಿ ಎಂಬ ವಾಹನ ಬಂದಿತ್ತು. ತಾನಾಗಿ ಓಡುವುದು, ಆದ್ದರಿಂದ ತಾನೋಡಿ. ನಮ್ಮ ಕಡೆ ಕಾಲುವೆ ದಂಡೆಯ ಎಮ್ಮೆಗಳು ರಸ್ತೆಗೆ ಅಡ್ಡ ನಿಂತರೆ, ಎಮ್ಮೆ ತನ್ನ ಯೋಚನೆ ಮುಗಿಸುವವರೆಗೆ ಅದೂ ನಿಂತು ಯೋಚಿಸುತ್ತಿತ್ತು. ಜನ ಬೇಸತ್ತು ಮತ್ತೆ ಮನುಷ್ಯರನ್ನೇ ಕರೆದರು. ಆದರೆ ಈಗ ನಾವು ಹತ್ತಿ ಕುಳಿತ ತಕ್ಷಣ ಗಾಡಿ ಹೊರಡುವುದಿಲ್ಲ. ಮೊದಲು ನೀರ್ಗಂಟೆ ಹೊಡೆಯುತ್ತದೆ. ಚಾಲಕ ನೀರು ಕುಡಿದ ಮೇಲೆಯೇ ಗಾಡಿ ಚಾಲೂ ಆಗುವ ಏರ್ಪಾಡು ಅದು. ಪ್ರತಿ ನಿಲ್ದಾಣದಲ್ಲೂ ಚಾಲಕರಿಗೆಂದೇ ಬೀಗವಿಲ್ಲದ, ಬಾಗಿಲಿರುವ ಶೌಚಾಲಯವಿದೆ. ‘ಮೊದಲು ನೀರು, ಆಮೇಲೆ ಗೇರು’ ಎಂದು ನಮ್ಮ ಗಾಡಿಗಳ ಹಿಂದೆ ಬರೆದಿರುತ್ತದೆ. ಇದನ್ನು ಕೇಳಿ ನಿಮ್ಮಲ್ಲಿ ಯಾರೂ ನಗಲಾರರು ಎಂದುಕೊಂಡಿದ್ದೇನೆ. ಸಿಂಧನೂರು ದಾಟಿದ ಮೇಲೆ ಗಾಡಿ ಎಲ್ಲಿ ನಿಲ್ಲಿಸುವುದು ಎಂಬ ಚಿಂತೆಗೆ ಬಾಟಲಿಯ ಮುಚ್ಚಳವನ್ನೇ ತೆಗೆಯದ ದಿನಗಳು ನಿಮಗೆಲ್ಲ ಗೊತ್ತು.

ಮುತ್ತಜ್ಜನ ಕಾಯಿಲೆಗೆ ನಿಮ್ಮ ಕಾಲದಲ್ಲೂ ಗೌಟ್ ಎಂದೇ ಹೆಸರು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಮೂತ್ರದಲ್ಲಿ ಹೋಗಬೇಕಾದಷ್ಟು ಹೋಗದೆ, ಕೀಲುಗಳಲ್ಲಿ ಸೂಜಿಯಂಥ ಹರಳುಗಳಾಗಿ ಕೂರುತ್ತದೆ. ಇಡೀ ಮೈಯಲ್ಲಿ ಇಷ್ಟೊಂದು ಕೀಲುಗಳಿದ್ದರೂ ಅದಕ್ಕೆ ಹೆಬ್ಬೆರಳ ಬುಡವೇ ಇಷ್ಟ. ನಿದ್ದೆಗೆ ಹೋದಾಗ ಸರಿ ಇದ್ದ ಕಾಲು ಏಳುವಾಗ ಕೆಂಪಗೆ ಊದಿ ಹೊಳೆಯುತ್ತಿರುತ್ತದೆ. ನೊಣ ಕುಳಿತರೆ ಎಮ್ಮೆ ಕುಳಿತಂತೆ, ಫ್ಯಾನಿನ ಗಾಳಿ ಬಿದ್ದರೆ ಕೆಂಡ ಊದಿದಂತೆ. ಮುತ್ತಜ್ಜಿ ಹುಲಿಗೆಮ್ಮ ತೆಳ್ಳನೆಯ ಸೀರೆ ಹೊದಿಸಲು ಹೋದರೆ, ಈತ ಅದನ್ನು ಗೋಣಿಚೀಲದಂತೆ ತಳ್ಳುತ್ತಿದ್ದನಂತೆ. ನಾಲ್ಕಾರು ದಿನ ಕಳೆದರೆ ನೋವು ಬಂದಂತೆಯೇ ಹೋಗಿ, ಕಾಲು ಏನೂ ಅರಿಯದ ಮುಖ ಮಾಡುತ್ತದೆ. ಮುತ್ತಜ್ಜ ಮೋಸ ಹೋದದ್ದು ಆ ಮುಖಕ್ಕೆ.

ಕಾಯಿಲೆಗೆ ಊಟವೊಂದೇ ಕಾರಣವಲ್ಲ, ಅವನ ಅಪ್ಪನಿಗೂ ಇತ್ತು. ಆದರೆ ಅವನ ಕೆಲಸದಲ್ಲಿ ಊಟಕ್ಕೊಂದು ಪದ್ಧತಿಯಿತ್ತು. ಇಲ್ಲಿ ಕುಳಿತಿರುವ ಚಾಲಕರಿಗೆ ಹೇಳುವುದೇ ಬೇಡ, ಗಣ್ಯರ ಸಲುವಾಗಿ ಹೇಳುತ್ತೇನೆ. ರಸ್ತೆ ಬದಿಯ ಹೋಟೆಲಿನ ಮುಂದೆ ಬಸ್ಸು ನಿಂತರೆ ಪ್ರಯಾಣಿಕರು ಮುಂದಿನ ಮೇಜುಗಳಲ್ಲಿ ಕಾಸು ಕೊಟ್ಟು ತಿನ್ನುತ್ತಾರೆ. ಡ್ರೈವರ್ ಕಂಡಕ್ಟರ್ ಪರದೆಯ ಹಿಂದೆ ಕುಳಿತರೆ ತಾಟು ತಾನಾಗಿ ಬರುತ್ತದೆ, ಬಿಲ್ಲು ಬರುವುದಿಲ್ಲ. ಸಿಂಧನೂರಿನಾಚೆ ಹೋಟೆಲ್ ಇಟ್ಟಿದ್ದ ಪಕೀರಪ್ಪ ಮುತ್ತಜ್ಜನಿಗೆ ಯಕೃತ್ತಿನ ಕಲೇಜಿ ಫ್ರೈ, ಕರುಳಿನ ಬೋಟಿ ಸಾರು, ಕೆಲವೊಮ್ಮೆ ಮೂತ್ರಪಿಂಡವನ್ನೂ ಮೆಣಸು ಹಾಕಿ ಹುರಿದು ಕೊಡುತ್ತಿದ್ದ. ಗೌಟ್ ಇದ್ದವರ ಮುಂದೆ ಇಡಬಾರದ ಪದಾರ್ಥಗಳನ್ನು ಯಾರಾದರೂ ಶ್ರದ್ಧೆಯಿಂದ ಆರಿಸಿದ್ದರೂ ಇಷ್ಟು ಚೆನ್ನಾಗಿ ಆರಿಸಲಾಗುತ್ತಿರಲಿಲ್ಲ. ಬೇಡವೆಂದರೆ ಪಕೀರಪ್ಪನ ಮುಖ ಇಳಿಯುತ್ತಿತ್ತು. ನನ್ನ ಕೈಯಡುಗೆ ಏನು ಕೆಟ್ಟೈತೇನಣ್ಣ, ಇಲ್ಲಾ ಬ್ಯಾರೆ ಹೋಟೆಲ್ ನೋಡೀಯೇನು ಎಂದು ಕೇಳುತ್ತಿದ್ದ. ತಾಟು ತಳ್ಳುವುದೆಂದರೆ ಸ್ನೇಹ ತಳ್ಳಿದಂತೆ. ಹಾಗಾಗಿ ‘ಬಾಯಿಗೆ ಬೋಟಿ, ಬೆರಳಿಗೆ ಚಾಟಿ’ ಎಂದು ತಾನೇ ಪ್ರಾಸ ಕಟ್ಟಿಕೊಂಡು, ಹೇಳಿಕೊಂಡು, ಉಂಡ.

ಎರಡನೇ ಸಲ ಬೆರಳು ಊದಿದಾಗ ಹೆದರಿ ಎಲ್ಲ ಬಿಟ್ಟ. ಬಿಟ್ಟದ್ದು ಹೇಗೆಂದರೆ, ನಮ್ಮವರು ಮಾತ್ರ ಬಿಡಬಲ್ಲ ಹಾಗೆ. ಮಾಂಸದ ಜೊತೆ ಬೇಳೆಯನ್ನೂ ಬಿಟ್ಟ, ಹೆಸರುಕಾಳನ್ನೂ ಬಿಟ್ಟ, ಮೊಸರು ನೋವಿಗೆ ಕೆಟ್ಟದ್ದೆಂದು ಯಾರೋ ಹೇಳಿದ್ದಕ್ಕೆ ಅದನ್ನೂ ಬಿಟ್ಟ. ಶನಿವಾರ ಹನುಮಪ್ಪನಿಗೆ ಹನಿ ನೀರೂ ಮುಟ್ಟದ ನಿಟ್ಟುಪವಾಸ ಹಿಡಿದು, ಆ ಬಿಸಿಲಲ್ಲೇ ರಾಯಚೂರಿಗೆ ಹೋಗಿ ಬಂದ. ಉಳಿದ ದಿನ ಉಷ್ಣ ಕಳೆಯಲೆಂದು ಕಬ್ಬಿನ ಹಾಲು, ಬಾಟಲಿಯ ಮಾವಿನ ಜ್ಯೂಸು. ಇಷ್ಟು ಪಥ್ಯ ಮಾಡಿದ ಮೇಲೂ ಮೂರನೇ ಸಲ ಬೆರಳು ಊದಿತು. ಆಗ ಡಾಕ್ಟರಮ್ಮನ ಹತ್ತಿರ ಹೋದ. ಆಕೆ ಎಲ್ಲ ಕೇಳಿಸಿಕೊಂಡು, ನೀವು ಬಿಡಬೇಕಾದ್ದರಲ್ಲಿ ಅರ್ಧ ಬಿಟ್ಟಿದ್ದೀರಿ, ಬಿಡಬಾರದ್ದನ್ನು ಪೂರ್ತಿ ಬಿಟ್ಟಿದ್ದೀರಿ ಎಂದರಂತೆ. ಬೇಳೆ ತಿನ್ನಿ, ಮಜ್ಜಿಗೆ ಧಾರಾಳವಾಗಿ ಕುಡಿಯಿರಿ. ಒಳಗಿನ ಅಂಗಾಂಗದ ಮಾಂಸ, ಬೀರು, ಸಿಹಿ ಪಾನೀಯ ಬೇಡ. ಉಪವಾಸ ಮಾಡಿದರೆ, ಮೈಯಲ್ಲಿ ನೀರು ಕಡಿಮೆಯಾದರೆ ಯೂರಿಕ್ ಆಸಿಡ್ ಏರುತ್ತದೆ. ಹೊಟ್ಟೆ ಕರಗಿಸಿ, ಆದರೆ ನಿಧಾನಕ್ಕೆ. ಇದೆಲ್ಲ ಮಾಡಿದರೂ ನಿಮ್ಮ ರಕ್ತದಲ್ಲಿರುವ ಮಟ್ಟಕ್ಕೆ ಪಥ್ಯವೊಂದೇ ಸಾಲದು, ಈ ಮಾತ್ರೆಯನ್ನು ನೋವಿದ್ದರೂ ಇಲ್ಲದಿದ್ದರೂ ದಿನಾ ನುಂಗಬೇಕು. ಶುರುವಿನಲ್ಲಿ ಹಳೆಯ ಹರಳು ಕದಲಿ ಒಂದೆರಡು ಸಲ ನೋವು ಮತ್ತೆ ಬಂದೀತು, ಅದಕ್ಕೆ ಇನ್ನೊಂದು ಸಣ್ಣ ಮಾತ್ರೆ ಕೊಟ್ಟಿದ್ದೇನೆ, ಹೆದರಿ ನಿಲ್ಲಿಸಬೇಡಿ, ನನ್ನ ಹತ್ತಿರ ಬನ್ನಿ.

ನೋವು ಮತ್ತೆ ಬಂತು. ಹೆದರಿ ನಿಲ್ಲಿಸಿದ. ಡಾಕ್ಟರಮ್ಮನ ಹತ್ತಿರ ಹೋಗಲಿಲ್ಲ.

ಹೋದರೆ ಸ್ಟೇರಿಂಗ್ ಮುಟ್ಟಬೇಡಿ ಎನ್ನುತ್ತಾರೆ, ಕಾಗದ ಡಿಪೊಗೆ ಬರುತ್ತದೆ, ಒಮ್ಮೆ ಇಳಿಸಿದರೆ ಮತ್ತೆ ಹತ್ತಿಸುತ್ತಾರೋ ಇಲ್ಲವೋ ಎಂಬುದು ಅವನ ಭಯ. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ನೋವಿನ ಗುಳಿಗೆ ಕೇಳಿ ತಂದು, ಕಡಲೆ ತಿಂದಂತೆ ತಿನ್ನತೊಡಗಿದ. ಅವನ ಅಪ್ಪನ ಕಿಡ್ನಿ ಹಾಳಾದದ್ದು ಅಂಥವೇ ಗುಳಿಗೆಗಳಿಂದ. ಹುಲಿಗೆಮ್ಮ ಅದನ್ನು ನೆನಪಿಸಿದರೆ ಈತ ಪ್ರಾಸ ಹುಡುಕುತ್ತಿದ್ದ. ಮನೆಯಲ್ಲಿ ಮಾತು ತಪ್ಪಿಸಲು ಪ್ರಾಸದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಆದರೆ ಆಕೆ ಅಷ್ಟು ಸುಲಭಕ್ಕೆ ಬಿಡುವವಳಲ್ಲ. ನಿಮ್ಮ ಪದ್ಯಕ್ಕ ಪ್ರಾಸ ಕೂಡತೈತಿ, ನಿಮ್ಮ ಕಾಲು ನೆಲಕ್ಕ ಕೂಡವಲ್ದು ಎಂದಿದ್ದಳು.

ನಮ್ಮ ಕಾಲದಲ್ಲಿ ರಕ್ತಗನ್ನಡಿ ಎಂಬುದಿದೆ. ಬಚ್ಚಲಮನೆಯ ಸಾದಾ ಕನ್ನಡಿ, ಬೆಳಗ್ಗೆ ಮುಖ ತೊಳೆಯುವಾಗ ರಕ್ತದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಮೂಲೆಯಲ್ಲಿ ತೋರಿಸುತ್ತದೆ. ಒಳ್ಳೆಯ ವಸ್ತು. ಆದರೆ ನಮ್ಮನ್ನು ನಿಜವಾಗಿ ಉಳಿಸಿದ್ದು ಅದಲ್ಲ, ನೋವುಚೀಟಿ. ಅಂಗೈಯಷ್ಟು ಹಳದಿ ಕಾಗದ. ‘ಇವತ್ತು ನನ್ನ ಕಾಲು ಆಗದು’ ಎಂದು ಬರೆದು ಡಿಪೊದ ಕಿಟಕಿಯಲ್ಲಿ ಕೊಟ್ಟರೆ ಆಯಿತು. ಕುಡಿದಿದ್ದೀಯಾ ಎಂದು ಯಾರೂ ಕೇಳುವುದಿಲ್ಲ, ಬಾಯಿಚಪಲ ಎಂದು ಯಾರೂ ಕುಟುಕುವುದಿಲ್ಲ. ಊತ ಇಳಿಯುವವರೆಗೆ ಟಿಕೆಟ್ ಕೌಂಟರಿನಲ್ಲಿ ಕೂರಿಸುತ್ತಾರೆ, ಕಾಲಿಗೊಂದು ಎತ್ತರದ ಮಣೆ, ಬಟ್ಟೆ ಸುತ್ತಿದ ಐಸು ಕೊಡುತ್ತಾರೆ, ಆಮೇಲೆ ಸ್ಟೇರಿಂಗಿಗೆ ವಾಪಸು ಕಳಿಸುತ್ತಾರೆ. ಇದಕ್ಕೆ ಯಂತ್ರ ಬೇಕಿಲ್ಲ, ನೂರು ವರ್ಷ ಕಾಯಬೇಕಾಗಿಯೂ ಇರಲಿಲ್ಲ. ಇದನ್ನು ಮೊದಲು ಯಾರು ಬರೆದುಕೊಟ್ಟರೆಂದು ಮಾತ್ರ ನಮ್ಮಲ್ಲಿ ಯಾರಿಗೂ ಖಚಿತವಿಲ್ಲ.

ಈಗ ಆ ಸೋಮವಾರದ ವಿಷಯ. ನನ್ನ ಅಜ್ಜಿ ಭೂಮಿಕಾ, ಅಂದರೆ ಯಮನೂರಪ್ಪನ ಮಗಳು, ಇದನ್ನು ಹೇಳುವಾಗ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಿದ್ದಳು. ಬೆರಳು ಊದಿತ್ತು. ಎರಡು ಗುಳಿಗೆ ನುಂಗಿ, ಬೂಟಿನ ದಾರ ಸಡಿಲಿಸಿ ಮುತ್ತಜ್ಜ ಗಾಡಿ ತೆಗೆದ. ಕಾರಟಗಿಯ ಹೊರಗೆ, ಭತ್ತದ ಮಿಲ್ಲಿನ ಹತ್ತಿರ, ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಣ್ಣುಮಗಳೊಬ್ಬಳು ರಸ್ತೆಗಿಳಿದಳು. ಬಲಗಾಲು ಬ್ರೇಕಿನ ಮೇಲೆ ಹೋಯಿತು. ಹೋಯಿತು ಅಷ್ಟೆ, ಒತ್ತಲಿಲ್ಲ. ನೋವು ಬೆರಳಿಂದ ತೊಡೆಗೆ ಹತ್ತಿ, ಕಾಲು ತಾನಾಗಿ ಹಿಂದಕ್ಕೆ ಬಂತು. ಎಡಗಾಲನ್ನು ಕ್ಲಚ್ಚಿನಿಂದ ಕಿತ್ತು ಬ್ರೇಕಿಗೆ ಹಾಕಿ, ಕೈಬ್ರೇಕನ್ನೂ ಎಳೆದ. ಗಾಡಿ ಕುಕ್ಕಿ ಕುಕ್ಕಿ ಆಫ್ ಆಗಿ ನಿಂತಿತು. ಆಕೆ ಕೈ ಚಾಚಿದ್ದರೆ ಬಂಪರ್ ಸಿಗುತ್ತಿತ್ತು.

ಬಸ್ಸಿನ ಜನ ಎಂಥ ಕಂಟ್ರೋಲು ಎಂದು ಹೊಗಳಿದರು. ಪದಕಕ್ಕೆ ಹೆಸರು ಹೋಗಿದೆ ಎಂದು ಗೊತ್ತಿದ್ದವರೊಬ್ಬರು ಸರಿಯಾದವರಿಗೇ ಹೋಗಿದೆ ಎಂದರು. ಆ ಹೆಣ್ಣುಮಗಳು ಕಿಟಕಿಯ ಹತ್ತಿರ ಬಂದು, ಕೂಸಿನ ಕೈಯನ್ನು ತಾನೇ ಜೋಡಿಸಿ ಹಿಡಿದು ಹೇಳಿದಳಂತೆ:

“ಯಣ್ಣಾ, ಇವತ್ತು ನಿನ್ನ ಕಾಲಾಗ ದೇವರು ಇದ್ದ ನೋಡು.”

ಅವತ್ತು ಕಾಲಲ್ಲಿ ಏನಿತ್ತೆಂದು ಮುತ್ತಜ್ಜನಿಗೆ ಗೊತ್ತಿತ್ತು. ಕಂಡಕ್ಟರ್ ದಾವಲಸಾಬನಿಗೂ ಗೊತ್ತಿತ್ತು. ಆತ ರಾಯಚೂರಿನವರೆಗೆ ಟಿಕೆಟ್ ಹರಿದ. ಜನರೆಲ್ಲ ಇಳಿದ ಮೇಲೆ ಮುಂದೆ ಬಂದು, ಎಂಜಿನ್ ಬಾನೆಟ್ಟಿನ ಮೇಲೆ ಕುಳಿತು, ಬೂಟಿನ ಕಡೆ ನೋಡುತ್ತಾ ಅಂದನಂತೆ:

“ಆಕಿಗೆ ಗೊತ್ತಿಲ್ಲ ಯಮನೂರಣ್ಣ. ನನಗ ಗೊತ್ತೈತಿ. ನಾ ಯಾರಿಗೂ ಹೇಳಂಗಿಲ್ಲ, ನೀನ ಹೇಳಬೇಕು.”

ಆಮೇಲೂ ಮುತ್ತಜ್ಜ ಹೇಳಲಿಲ್ಲ. ಮಂಗಳವಾರವೂ ಗಾಡಿ ತೆಗೆದ, ಬುಧವಾರವೂ ತೆಗೆದ. ಪ್ರತಿ ತಿರುವಿನಲ್ಲೂ ಎಡಗಾಲಿನಿಂದ ಬ್ರೇಕ್ ಒತ್ತುವುದನ್ನು ಅಭ್ಯಾಸ ಮಾಡಿಕೊಂಡ. ಅದನ್ನೂ ಒಂದು ಕೌಶಲವೆಂದು ತನಗೆ ತಾನೇ ಹೇಳಿಕೊಂಡ. ಭೂಮಿಕಜ್ಜಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದಳು. ಆಮೇಲೆ ಏನಾಯಿತಜ್ಜಿ ಎಂದು ಎಷ್ಟು ಕೇಳಿದರೂ ಹೇಳುತ್ತಿರಲಿಲ್ಲ. ಆ ಪದಕ ಮನೆಯಲ್ಲಿದೆಯೇ ಎಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಮುತ್ತಜ್ಜಾ, ನನ್ನದೊಂದು ಬೇಡಿಕೆ. ಪಕೀರಪ್ಪನಿಗೆ ಹೇಳು, ರೊಟ್ಟಿ, ಬೇಳೆ, ಮಜ್ಜಿಗೆ ಇಟ್ಟರೂ ನಿನ್ನ ಗಾಡಿ ಅಲ್ಲೇ ನಿಲ್ಲುತ್ತದೆ ಎಂದು. ಬಾಟಲಿಯ ಮುಚ್ಚಳ ತೆಗಿ. ಡಾಕ್ಟರಮ್ಮನ ಹತ್ತಿರ ಹೋಗು, ತಿಂದ ಗುಳಿಗೆಗಳನ್ನೆಲ್ಲ ಹೇಳು, ನಿಲ್ಲಿಸಿದ ಮಾತ್ರೆಯ ಬಗ್ಗೆ ಕೇಳು. ನಿನ್ನ ಹರಳು ನನಗೂ ಬಂದಿದೆ, ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಆ ಮೌನವನ್ನೂ ಕೊಟ್ಟು ಹೋಗಬೇಡ. ಇಷ್ಟಕ್ಕೆ ‘ನೋವು’ ಎಂಬುದಕ್ಕೊಂದು ಪ್ರಾಸ ಹುಡುಕಿ ಪತ್ರ ಮುಗಿಸಬೇಕೆಂದಿದ್ದೆ. ಒಂದು ಪದ ಸಿಕ್ಕಿತು, ಅದನ್ನು ಬರೆಯಲು ಕೈ ಬರಲಿಲ್ಲ.

ಸಾಹೇಬರೇ, ಭೂಮಿಕಜ್ಜಿ ಕಥೆಯನ್ನು ಅಲ್ಲಿಗೆ ನಿಲ್ಲಿಸುವುದು ಯಾಕೆಂದರೆ ಮುಂದಿನದು ಇನ್ನೂ ಆಗಿಲ್ಲ. ಮರಿಮಗಳು ಇಲ್ಲ. ಭೂಮಿಕಾ ಎಂಟನೇ ತರಗತಿಯಲ್ಲಿದ್ದಾಳೆ, ಅಮ್ಮನ ಜೊತೆ ಆ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ಬರೆದವನೂ ನಾನೇ, ಓದುತ್ತಿರುವವನೂ ನಾನೇ. ಇವತ್ತು ಗುರುವಾರ. ನನ್ನ ಬಲಗಾಲಲ್ಲಿರುವುದು ದಾವಲಸಾಬನ ದೊಡ್ಡ ಬೂಟು, ನನ್ನದರೊಳಗೆ ಕಾಲು ಹೋಗಲಿಲ್ಲ. ಪದಕ ಮೇಜಿನ ಮೇಲೆಯೇ ಇರಲಿ. ನಾಳೆ ಬೆಳಗಿನ ರಾಯಚೂರು ಗಾಡಿಗೆ ಬೇರೆ ಯಾರನ್ನಾದರೂ ಹಾಕಿ. ಇವತ್ತು ನನ್ನ ಕಾಲು ಆಗದು.